ಮಂಚದ ಕೆಳಗಿನ ಹೊಸ್ತಿಲು

ನಮ್ಮ ಮಗಳ ಮನೆಯಲ್ಲಿ ಒಂದು ಹೊಸ್ತಿಲಿದೆ. ಅದು ಇರುವುದು ಬಾಗಿಲಲ್ಲಿ ಅಲ್ಲ, ಮಂಚದ ಕೆಳಗೆ. ಹಳೆಯ ಸೂಟ್‌ಕೇಸು, ಕೆಟ್ಟುಹೋದ ಇಸ್ತ್ರಿಪೆಟ್ಟಿಗೆ, ಚಳಿಗಾಲದ ರಜಾಯಿ, ಇವುಗಳ ನಡುವೆ ಅರಿಶಿನ ಬಳಿದ ಸಾಗವಾನಿ ಹೊಸ್ತಿಲೊಂದು ಆರಾಮಾಗಿ ಮಲಗಿದೆ. ಕೆಲಸಕ್ಕೆ ಬರುವ ಸುನೀತಾಬಾಯಿ ಆಗಾಗ ಅದನ್ನು ಹೊರಗೆಳೆದು, ಎಸೆದುಬಿಡಲೇ ಎಂದು ಮರಾಠಿಯಲ್ಲಿ ಕೇಳುತ್ತಾಳೆ. ನಾನು ಕಣ್ಣು ಬಿಟ್ಟು ನೋಡಿದರೆ ಸಾಕು, ಮತ್ತೆ ಒಳಗೆ ತಳ್ಳುತ್ತಾಳೆ. ಹೊಸ್ತಿಲು ಮಂಚದ ಕೆಳಗೆ ಯಾಕೆ ಸೇರಿತು ಅಂತ ನೀವೂ ಕೇಳಬಹುದು. ಹೇಳುತ್ತೇನೆ. ಆದರೆ ಮೊದಲೇ ಎಚ್ಚರಿಸುತ್ತೇನೆ, ಇದರಲ್ಲಿ ನನ್ನ ಮೊಮ್ಮಗಳ ಹೊಗಳಿಕೆ ಬಹಳ ಇದೆ. ಸಹಿಸಲಾಗದವರು ಈಗಲೇ ಚಹಾ ಕುಡಿಯುವ ನೆಪದಲ್ಲಿ ಎದ್ದು ಹೋಗಬಹುದು.

ನಾವು ಭೀಮಾ ದಂಡೆಯವರು, ಕಲಬುರಗಿ ಕಡೆ. ನಮ್ಮ ಯಜಮಾನರು ಹರೆಯದಲ್ಲೇ ಪುಣೆಗೆ ಬಂದು ಮಾರ್ಕೆಟ್ ಯಾರ್ಡಿನ ಒಂದು ಬೆಲ್ಲದ ಅಂಗಡಿಯಲ್ಲಿ ಸೇರಿಕೊಂಡರು. ಬೆಲ್ಲದ ಹಾಗೆಯೇ ಅಲ್ಲಿಗೇ ಅಂಟಿಕೊಂಡರು. ಮನೆ ಬಿಬವೇವಾಡಿಯಲ್ಲಿ. ಮಗಳು ವಿಜಯಾ, ಅಳಿಯ ರಘು ಇಬ್ಬರೂ ಹಿಂಜವಾಡಿಯಲ್ಲಿ ಕಂಪ್ಯೂಟರಿನ ಕೆಲಸದವರು, ಅಲ್ಲೇ ಏಳನೆಯ ಮಾಳಿಗೆಯಲ್ಲಿ ಫ್ಲ್ಯಾಟು. ಮೊಮ್ಮಗಳು ಹುಟ್ಟಿದಾಗ ನಾನು ಒಂದು ಚೀಲದಲ್ಲಿ ನಾಲ್ಕು ಸೀರೆ ತುಂಬಿಕೊಂಡು ಹಿಂಜವಾಡಿಗೆ ಬಂದವಳು, ಇನ್ನೂ ಆ ಚೀಲ ವಾಪಸು ಒಯ್ದಿಲ್ಲ. ಯಜಮಾನರು ಭಾನುವಾರ ಬಸ್ಸು ಹಿಡಿದು ಬಂದು ಮೊಮ್ಮಗಳನ್ನು ನೋಡಿ ಹೋಗುತ್ತಾರೆ. ನನ್ನನ್ನೂ ನೋಡುತ್ತಾರೆ ಎಂದು ನಾನು ನಂಬಿದ್ದೇನೆ.

ಅಳಿಯ ಮೈಸೂರಿನ ಕಡೆಯವನು. ಮಗುವಿಗೆ ನದಿಯ ಹೆಸರಿಡೋಣ ಎಂದು ಎಲ್ಲರೂ ಒಪ್ಪಿದರು. ನಾನು ನಮ್ಮ ಭೀಮಾನ ಹೆಸರು ಸೂಚಿಸಿದೆ. ಭೀಮಾ ಅಂದರೆ ಗದೆ ಹಿಡಿದ ಗಂಡಸೇ ಕಣ್ಣ ಮುಂದೆ ಬರುತ್ತಾನೆ ಎಂದು ನನ್ನ ಮಗಳೇ ತಳ್ಳಿಹಾಕಿದಳು. ಹಾಗಾಗಿ ಕೂಸು ಕಾವೇರಿಯಾಯಿತು. ನಾನು ಒಂದು ದಿನ ಮುಖ ಊದಿಸಿಕೊಂಡಿದ್ದೆ, ಮರುದಿನ ಅದು ನನ್ನ ಬೆರಳನ್ನು ಬಿಗಿಯಾಗಿ ಹಿಡಿದುಕೊಂಡಿತು, ನದಿಯ ಜಗಳ ಅಲ್ಲಿಗೆ ಮುಗಿಯಿತು.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಕೂಸು ಒಂದೊಂದು ಹೊಸ ವಿದ್ಯೆ ಕಲಿತಾಗ ಒಂದೊಂದು ಅಡುಗೆ ಮಾಡಿ ಓಣಿಗೆಲ್ಲ ಹಂಚುವುದು. ಬೋರಲು ಬಿದ್ದರೆ ದೋಸೆ. ಆಸರೆಯಿಲ್ಲದೆ ಕೂತರೆ ಕಡಬು. ಅಂಬೆಗಾಲಿಟ್ಟರೆ ಕರಿಗಡಬು. ತಾನಾಗಿ ಹೊಸ್ತಿಲು ದಾಟಿದರೆ ಹೂರಣದ ಹೋಳಿಗೆ. ಇದರಲ್ಲಿ ಹೋಳಿಗೆಯೇ ದೊಡ್ಡದು. ಹೊಸ್ತಿಲು ದಾಟುವ ತನಕ ಕೂಸು ಕೋಣೆಯದು, ದಾಟಿದ ಮೇಲೆ ಮನೆಯದು ಎಂದು ನಮ್ಮವ್ವ ಹೇಳುತ್ತಿದ್ದಳು. ನಾನು ದಾಟಿದ್ದು ಅಂಗಳದಲ್ಲಿದ್ದ ಒಂದು ಕೋಳಿಯನ್ನು ಹಿಡಿಯಲಿಕ್ಕಂತೆ. ಕೋಳಿ ಸಿಗಲಿಲ್ಲ, ಹಣೆಯ ಮೇಲೆ ಗಾಯದ ಗುರುತು ಸಿಕ್ಕಿತು, ಅದು ಈಗಲೂ ಕುಂಕುಮದ ಪಕ್ಕದಲ್ಲಿದೆ.

ಕಾವೇರಿ ಬೋರಲು ಬಿದ್ದಳು, ದೋಸೆ ಹಂಚಿದೆವು. ಕೂತಳು, ಕಡಬು ಹಂಚಿದೆವು. ಬುದ್ಧಿಯಲ್ಲಂತೂ ಕೇಳಬೇಡಿ. ಚಮಚವನ್ನು ಕರವಸ್ತ್ರದ ಕೆಳಗೆ ಮುಚ್ಚಿಟ್ಟರೆ ಮೊದಮೊದಲು, ಜಗತ್ತಿನಲ್ಲಿ ಚಮಚವೆಂಬುದೇ ಇರಲಿಲ್ಲ ಎನ್ನುವ ಹಾಗೆ ಬೇರೆ ಕಡೆ ನೋಡುತ್ತಿದ್ದಳು. ಒಂದು ದಿನ ಇದ್ದಕ್ಕಿದ್ದಂತೆ ಕರವಸ್ತ್ರ ಎಳೆದು ಚಮಚ ಹಿಡಿದು ನನ್ನ ಮುಖ ನೋಡಿದಳು. ಆ ನೋಟದಲ್ಲಿ ನನ್ನ ಕಳ್ಳತನ ಸಿಕ್ಕಿಬಿದ್ದಿತ್ತು. ಆಮೇಲೆ ಅದೇ ಚಮಚವನ್ನು ಕುರ್ಚಿಯಿಂದ ಕೆಳಗೆ ಬಿಡುವ ಸಂಶೋಧನೆ ಶುರುವಾಯಿತು. ಬಿಡುವುದು, ಅದು ಸದ್ದು ಮಾಡುವುದನ್ನು ಕೇಳುವುದು, ಅಜ್ಜಿ ಬಗ್ಗಿ ಎತ್ತಿಕೊಡುವುದನ್ನು ನೋಡುವುದು. ಪ್ರತಿ ಸಲವೂ ಚಮಚ ಕೆಳಗೇ ಬೀಳುತ್ತದೆಯೋ, ಪ್ರತಿ ಸಲವೂ ಅಜ್ಜಿ ಬಗ್ಗುತ್ತಾಳೋ, ಎರಡನ್ನೂ ಪರೀಕ್ಷಿಸುತ್ತಿದ್ದಳು. ಎರಡೂ ನಿಜವೆಂದು ತೀರ್ಮಾನವಾಗುವಷ್ಟರಲ್ಲಿ ನನ್ನ ಸೊಂಟ ಹೋಗಿತ್ತು. ಆದರೂ ಹೆಮ್ಮೆ ಅಂದರೆ ಹೆಮ್ಮೆ. ಫೋನಿನಲ್ಲಿ ಬೀಗರಿಗೂ ಹೇಳಿದೆ, ತರಕಾರಿಯವನಿಗೂ ಹೇಳಿದೆ.

ಕರಿಗಡಬಿಗೆ ಮಾತ್ರ ಕಾಲ ಬರಲಿಲ್ಲ. ಕಾವೇರಿ ಅಂಬೆಗಾಲಿಡಲಿಲ್ಲ. ಬದಲಿಗೆ ಕೂತಲ್ಲಿಂದಲೇ ಹೊರಟಳು. ಎಡಗೈ ನೆಲಕ್ಕೂರಿ, ಒಂದು ಕಾಲನ್ನು ಮಡಚಿ, ಹಿಂಭಾಗದ ಮೇಲೆ ಸರ್ರೆಂದು ಜಾರುತ್ತ ಹೋಗುವಳು, ನಮ್ಮ ಭೀಮೆಯಲ್ಲಿ ಅಂಬಿಗರು ಒಂದೇ ಹುಟ್ಟು ಹಾಕಿ ತೆಪ್ಪ ನಡೆಸಿದ ಹಾಗೆ. ಆ ಫ್ಲ್ಯಾಟಿನ ನೆಲವಾದರೂ ಹೇಗಿದೆ, ಕನ್ನಡಿ. ಕೋಣೆಯಿಂದ ಕೋಣೆಗೆ ಒಂದು ಗೆರೆ ಕೂಡ ಅಡ್ಡವಿಲ್ಲ. ಸುನೀತಾಬಾಯಿ ಬಾರದ ದಿನಕ್ಕೆಂದು ಅಳಿಯ ತಂದ, ನೆಲ ಗುಡಿಸುವ ದುಂಡನೆಯ ಯಂತ್ರವೊಂದು ಅಲ್ಲಿ ತಾನೇ ಓಡಾಡುತ್ತದೆ. ಅದರ ಹಿಂದೆ ಇವಳು. ಇವಳ ಚಡ್ಡಿಗಳೆಲ್ಲ ಒಂದೇ ಜಾಗದಲ್ಲಿ ಹರಿಯುತ್ತಿದ್ದವು.

ನನಗೆ ನೋಡಲು ಚಂದ ಅನ್ನಿಸುತ್ತಿತ್ತು. ಆದರೆ ಅಳಿಯನ ಫೋನಿನಲ್ಲಿ ಒಂದು ಆ್ಯಪ್ ಇತ್ತು. ಮಕ್ಕಳು ಯಾವ ತಿಂಗಳಲ್ಲಿ ಏನು ಮಾಡಬೇಕೆಂದು ಅದು ಟಿಣ್ ಎಂದು ಸದ್ದು ಮಾಡಿ ಹೇಳುತ್ತಿತ್ತು. "ಅತ್ತೆ, ಇದರ ಪ್ರಕಾರ ಅವಳು ಈಗ ಕ್ರಾಲ್ ಮಾಡ್ಬೇಕಿತ್ತು," ಎಂದು ರಘು ಮೆತ್ತಗೆ ಹೇಳಿದ. ಒಳ್ಳೆಯ ಹುಡುಗ, ಅವನ ಮೇಲೆ ಸಿಟ್ಟಿಲ್ಲ. ಆ ಟಿಣ್ ಎನ್ನುವುದರ ಮೇಲೆ ನನಗೆ ಹಲ್ಲು ಕಡಿಯುವಷ್ಟು ಸಿಟ್ಟಿತ್ತು.

ಕೆಳಗೆ ತೋಟದಲ್ಲಿ ಇನ್ನೊಂದು ಟಿಣ್ ಇತ್ತು, ಮೂರನೆಯ ಮಾಳಿಗೆಯ ಶಿಂದೆ ಆಜಿ. ಅವರ ಮೊಮ್ಮಗ ಕಬೀರ ಕಾವೇರಿಗಿಂತ ಸ್ವಲ್ಪ ಚಿಕ್ಕವನು, ಆಗಲೇ ಬೆಂಚು ಹಿಡಿದು ನಿಂತು ಎಲ್ಲರ ಚಪ್ಪಲಿ ಕದಿಯುತ್ತಿದ್ದ. ಆಜಿ ಪ್ರತಿ ಸಂಜೆ, "ಅಜೂನ್ ರಾಂಗತ್ ನಾಹೀ ಕಾ?" ಎನ್ನುವರು. ಇನ್ನೂ ಅಂಬೆಗಾಲಿಡುವುದಿಲ್ಲವೇ ಅಂತ. ಕೆಟ್ಟ ಮನಸ್ಸಿನಿಂದ ಕೇಳುತ್ತಿರಲಿಲ್ಲ, ಆದರೆ ಆ 'ಅಜೂನ್' ನನಗೆ ಕಿವಿಯಲ್ಲಿ ಇರುವೆ ಹೊಕ್ಕ ಹಾಗಾಗುತ್ತಿತ್ತು. ನಾನು ಚಮಚದ ಕಥೆ ಹೇಳುತ್ತಿದ್ದೆ. ಅವರು ಅದನ್ನು ಎಷ್ಟು ಸಲ ಕೇಳಿದ್ದರೋ, ಪಾಪ.

ಡಾಕ್ಟರರಿಗೆ ತೋರಿಸಿದೆವು. ಆ ಹೆಣ್ಣುಮಗಳು ಕಾವೇರಿಯ ಸೊಂಟ, ತೊಡೆ, ಪಾದ ಎಲ್ಲ ತಿರುಗಿಸಿ ನೋಡಿದರು, ಹಿಂದಿನಿಂದ ಗಿಲಕಿ ಅಲ್ಲಾಡಿಸಿದರು, ಅಂಗೈಯಲ್ಲಿ ಮಂಡಕ್ಕಿಯ ಒಂದು ಕಾಳಿಟ್ಟು ಎರಡು ಬೆರಳಲ್ಲಿ ಎತ್ತುತ್ತಾಳೋ ನೋಡಿದರು. ಎತ್ತಿ ಬಾಯಿಗೇ ಹಾಕಿಕೊಂಡಳು. ಎಲ್ಲವೂ ಸರಿಯಾಗಿದೆ, ಕೆಲವು ಮಕ್ಕಳು ಕೂತೇ ಸಾಗುತ್ತವೆ, ಅಂಥವು ನಡೆಯುವುದು ತುಸು ತಡ ಎಂದರು. ಅಜ್ಜ ತಂದುಕೊಟ್ಟ ಗಾಲಿಗಳ ವಾಕರ್ ಬೇಡ, ನೆಲದ ಮೇಲೆ ಬಿಡಿ, ಒಂದೂವರೆ ವರ್ಷಕ್ಕೂ ನಡೆಯದಿದ್ದರೆ ಕರೆತನ್ನಿ ಎಂದು ಹೇಳಿ ಕಳಿಸಿದರು. ನನಗೆ ಸಮಾಧಾನವಾಯಿತು. ಮಗಳಿಗೆ ಆಗಲಿಲ್ಲ.

ವಿಜು ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಹತ್ತಿದ್ದಳು. ಹೆಚ್ಚು ದಿನ ಮನೆಯಿಂದಲೇ, ಕೋಣೆಯ ಬಾಗಿಲು ಹಾಕಿಕೊಂಡು. ಒಂದು ಮಧ್ಯಾಹ್ನ ಊಟಕ್ಕೆ ಬಂದವಳು ರೊಟ್ಟಿ ಮುಟ್ಟದೆ ತಟ್ಟೆಯ ಮುಂದೆ ಕೂತಳು. ಕಾವೇರಿ ಅವಳ ಕಾಲ ಬಳಿ ಜಾರಿಕೊಂಡು ಬಂದು ಸೆರಗಿಲ್ಲದ ಪ್ಯಾಂಟನ್ನೇ ಜಗ್ಗುತ್ತಿದ್ದಳು.

"ಅವ್ವಾ, ನಾ ಕೆಲಸಕ್ಕ ಹತ್ತಿದ್ದಕ್ಕ ಹಿಂಗಾತೇನು? ನಾ ಆಕಿನ್ನ ನೆಲದ ಮ್ಯಾಲ ಆಡಸೂದು ಕಡಿಮಿ ಆತೇನು?" ಎಂದಳು.

ಲೆಕ್ಕದಲ್ಲಿ, ಭಾಷೆಯಲ್ಲಿ, ಓಟದಲ್ಲಿ ಎಲ್ಲದರಲ್ಲೂ ಮುಂದಿದ್ದ ನನ್ನ ಮಗಳು, ಯಾರಿಗೂ ತಲೆ ಬಾಗಿಸದವಳು, ಒಂದು ಕೂಸಿನ ಮೊಣಕಾಲಿನ ಮುಂದೆ ಸೋತು ಕೂತಿದ್ದಳು. ಡಾಕ್ಟರರ ಮಾತನ್ನೇ ಮತ್ತೆ ಹೇಳಿದೆ. ಅವಳು ತಲೆಯಾಡಿಸಿ ಎದ್ದು ಹೋದಳು, ರೊಟ್ಟಿ ಹಾಗೆಯೇ ಉಳಿಯಿತು. ಅವಳಿಗೆ ಮಾತು ಬೇಕಿರಲಿಲ್ಲ, ಕಣ್ಣಿಗೆ ಕಾಣುವಂಥದ್ದು ಏನಾದರೂ ಬೇಕಿತ್ತು. ಏನು ಮಾಡಲಿ ಎಂದು ಯೋಚಿಸುತ್ತ ಕೂತವಳಿಗೆ ಹೊಳೆದದ್ದು ಹೊಸ್ತಿಲು.

ನೀವೇ ಹೇಳಿ, ಹೊಸ್ತಿಲೇ ಇಲ್ಲದ ಮನೆಯಲ್ಲಿ ಕೂಸು ದಾಟುವುದಾದರೂ ಏನನ್ನು? ದಾಟಲು ಒಂದು ಇದ್ದರೆ ತಾನೇ ದಾಟಬೇಕೆಂಬ ಹಂಬಲ ಹುಟ್ಟುವುದು? ಊರಿನ ನಮ್ಮ ಮನೆಯ ಹೊಸ್ತಿಲು ಮೊಣಕಾಲೆತ್ತರ ಇತ್ತು. ಪ್ರತಿದಿನ ಬೆಳಿಗ್ಗೆ ಅದಕ್ಕೆ ಅರಿಶಿನ, ಕುಂಕುಮ, ಎರಡು ಎಳೆ ರಂಗೋಲಿ. ಅದರ ಮೇಲೆ ಯಾರೂ ಕೂಡಬಾರದು, ನಿಲ್ಲಬಾರದು, ಅದರ ಮೇಲೆ ನಿಂತು ಸೀನಿದರಂತೂ ಒಳಗೆ ಬಂದು ನೀರು ಕುಡಿದೇ ಹೋಗಬೇಕು. ಕೂತವರನ್ನು ಎಬ್ಬಿಸುವ ಕೆಲಸ ಚಿಕ್ಕವಳಿದ್ದಾಗಿನಿಂದ ನನ್ನದು. ಅಪ್ಪನ ಸೋದರಮಾವ ಬಂದು ಕೂತಾಗಲೂ ಎಬ್ಬಿಸಿದ್ದೆ. ಅವರು ಊಟ ಮಾಡದೆ ಹೋದರು. ಬಿಬವೇವಾಡಿಯ ಮನೆಯಲ್ಲೂ ಎಷ್ಟು ಜನರನ್ನು ಎಬ್ಬಿಸಿದ್ದೇನೋ. ಆ ವಿಷಯದಲ್ಲಿ ನಾನು ಪೊಲೀಸು.

ಅಡುಗೆಮನೆಯ ಬಾಗಿಲಿನ ಅಗಲವನ್ನು ದಾರದಲ್ಲಿ ಅಳೆದು, ಭಾನುವಾರ ಬಂದ ಯಜಮಾನರ ಕೈಗೆ ಕೊಟ್ಟೆ. ಎತ್ತರ ಮೂರು ಬೆರಳು ಸಾಕು ಎಂದು ಹೇಳಿದ್ದೆ. ಅವರು ಗುರುತಿನ ಬಡಿಗನ ಬಳಿ ನಿಂತು, ಹೊಸ್ತಿಲು ಅಂದರೆ ಹೊಸ್ತಿಲಿನ ಹಾಗೆ ಕಾಣಬೇಕೆಂದು ತಮ್ಮ ಬುದ್ಧಿ ಓಡಿಸಿ, ಅರ್ಧ ಗೇಣಿಗೂ ಮಿಗಿಲಾಗಿ ಮಾಡಿಸಿದರು. ಮುಂದಿನ ಭಾನುವಾರ ಅದನ್ನು ಹೆಗಲ ಮೇಲೆ ಹೊತ್ತು ಸಿಟಿ ಬಸ್ಸು ಹತ್ತಿದರು. ಕಂಡಕ್ಟರ್ ಇದೇನು ಎಂದನಂತೆ. ಮೊಮ್ಮಗಳಿಗೆ ಉಂಬರಾ ಒಯ್ಯುತ್ತಿದ್ದೇನೆ ಎಂದು ಇವರು ಮರಾಠಿಯಲ್ಲಿ ಹೇಳಿದರಂತೆ. "ಆಧೀ ಉಂಬರಾ, ಮಗ್ ಘರ್ ಕಾ ಆಜೋಬಾ?" ಎಂದನಂತೆ ಅವನು, ಮೊದಲು ಹೊಸ್ತಿಲು ಆಮೇಲೆ ಮನೆಯೋ ಎಂದು. ಬಸ್ಸೆಲ್ಲ ನಕ್ಕಿತಂತೆ. ಇವರು ಅದನ್ನು ಬಹುಮಾನ ಗೆದ್ದವರ ಹಾಗೆ ಬಂದು ಹೇಳಿದರು.

ರಘು ನೆಲಕ್ಕೆ ಪೆಟ್ಟಾಗಬಾರದೆಂದು ಎರಡೂ ಕಡೆ ಅಂಟುವ ಟೇಪು ಹಚ್ಚಿ ಅಡುಗೆಮನೆಯ ಬಾಗಿಲಲ್ಲಿ ಅದನ್ನು ಕೂರಿಸಿದ. ನಾನು ಅರಿಶಿನ ಬಳಿದು ಕುಂಕುಮ ಇಟ್ಟೆ. ಕಾವೇರಿಯನ್ನು ಹಾಲ್‌ನಲ್ಲಿ ಬಿಟ್ಟು, ನಾವೆಲ್ಲ ಅಡುಗೆಮನೆಯಲ್ಲಿ ನಿಂತು ಚಪ್ಪಾಳೆ ತಟ್ಟಿ ಕರೆದೆವು. ಅಜ್ಜ ಅಂತೂ ಬೆಲ್ಲದ ತುಣುಕು ತೋರಿಸುತ್ತ, ಗಿರಾಕಿಯನ್ನು ಕರೆದ ಹಾಗೆ ಕರೆದರು. ಅವಳು ಒಂದೇ ಹುಟ್ಟಿನಲ್ಲಿ ಸರ್ರೆಂದು ಬಂದಳು. ಹೊಸ್ತಿಲಿಗೆ ಮೊಣಕಾಲು ಬಡಿಯಿತು. ಓಟ ನಿಂತಿತು. ಒಂದು ಕಾಲನ್ನು ಮೇಲೆ ಹಾಕಿ ನೋಡಿದಳು, ಮುಂದೆ ಹೋಗಲಾಗಲಿಲ್ಲ, ಹಿಂದೆಯೂ ಬರಲಾಗಲಿಲ್ಲ. ತುಟಿ ಉಬ್ಬಿತು. ಆಮೇಲೆ ಏಳೂ ಮಾಳಿಗೆಗೆ ಕೇಳುವ ಹಾಗೆ ಅತ್ತಳು.

ಆಗ ನನ್ನ ತಲೆಗೆ ಹೊಳೆಯಿತು. ಅಂಬೆಗಾಲಿಡುವ ಕೂಸು ಕೈ ಆಚೆಗಿಟ್ಟು ಮೈ ಎಳೆದುಕೊಂಡು ಹೊಸ್ತಿಲು ದಾಟೀತು. ಕೂತು ಜಾರುವ ಕೂಸಿಗೆ ಅದು ಗೋಡೆ. ಕನ್ನಡಿಯಂಥ ನೆಲದಲ್ಲಿ ಮನೆಯೆಲ್ಲ ಆಳುತ್ತಿದ್ದ ನನ್ನ ಮೊಮ್ಮಗಳಿಗೆ ನಾನೇ ಕೈಯಾರೆ ಗೋಡೆ ಕಟ್ಟಿಸಿದ್ದೆ, ಅದಕ್ಕೆ ಅರಿಶಿನ ಬೇರೆ.

ವಿಜು ಮಗಳನ್ನು ಎತ್ತಿಕೊಂಡಳು. ನನ್ನ ಮುಖ ನೋಡದೆ, "ಎಲ್ಲಾರೂ ಆಕಿಗಿ ಪರೀಕ್ಷಾ ಇಟ್ಟಾರ. ನೀನೂ ಒಂದು ಇಟ್ಟಿ ನೋಡವ್ವಾ," ಎಂದಳು.

ತೆಗೆದುಬಿಡಿ ಎಂದು ನಾನೇ ಹೇಳಿದೆ. ಆದರೆ ಆ ಟೇಪು ಎಂಥದ್ದು ಅಂತೀರಿ. ರಘು ಜಗ್ಗಿದ, ಯಜಮಾನರು ಜಗ್ಗಿದರು, ಇಬ್ಬರೂ ಸೇರಿ ಜಗ್ಗಿದರು. ಹೊಸ್ತಿಲು ನೂರು ವರ್ಷದಿಂದ ಅಲ್ಲೇ ಇದ್ದ ಹಾಗೆ ಕೂತಿತ್ತು. ಮುಂದಿನ ಭಾನುವಾರ ಬಡಿಗನ ಉಳಿ ತರುತ್ತೇನೆಂದು ಹೇಳಿ ಯಜಮಾನರು ಬಸ್ಸಿಗೆ ಹೋದರು. ಮರುದಿನದಿಂದ ನಾನು ಅಡುಗೆಮನೆಗೆ ಹೋಗುತ್ತ ಕಾಲೆತ್ತಿ ಅದನ್ನು ದಾಟುವಾಗೆಲ್ಲ ನನ್ನನ್ನೇ ಬೈದುಕೊಂಡೆ.

ಬುಧವಾರವೋ ಗುರುವಾರವೋ ಇರಬೇಕು. ಬೆಳಿಗ್ಗೆ ಹತ್ತರ ಬಿಸಿಲು ಹಾಲ್‌ನಲ್ಲಿ ಬಿದ್ದಿತ್ತು. ರಘು ಆಫೀಸಿಗೆ ಹೋಗಿದ್ದ. ವಿಜು ಕೋಣೆಯಲ್ಲಿ ಮೀಟಿಂಗಿನಲ್ಲಿದ್ದಳು. ಸುನೀತಾಬಾಯಿ ಬಂದಿರಲಿಲ್ಲವಾಗಿ ಆ ದುಂಡನೆಯ ಯಂತ್ರ ಗುಡಿಸುತ್ತಿತ್ತು, ಕಾವೇರಿ ಅದರ ಹಿಂದೆ. ನಾನು ಅಡುಗೆಮನೆಯ ನೆಲದಲ್ಲಿ ಕೂತು ಹಿಂಡಿಗೆಂದು, ಅದೇ ಚಟ್ನಿಪುಡಿಗೆ, ಹುರಿದ ಶೇಂಗಾದ ಸಿಪ್ಪೆ ತೆಗೆಯುತ್ತಿದ್ದೆ.

ಯಂತ್ರ ಬಂದು ಹೊಸ್ತಿಲಿಗೆ ಡಿಕ್ಕಿ ಹೊಡೆಯಿತು. ಇನ್ನೊಮ್ಮೆ ಹೊಡೆಯಿತು. ಆಮೇಲೆ ತಿರುಗಿ ಸೋಫಾದ ಕಡೆ ಹೊರಟುಹೋಯಿತು. ಕಾವೇರಿ ತಿರುಗಲಿಲ್ಲ.

ಅವಳು ಹೊಸ್ತಿಲ ಮುಂದೆ ಕೂತು ಅದನ್ನು ನೋಡಿದಳು. ಅಂಗೈಯಿಂದ ತಟ್ಟಿದಳು. ಅರಿಶಿನ ಹತ್ತಿದ ಕೈಯನ್ನು ನೆಕ್ಕಿ ಮುಖ ಕಿವುಚಿದಳು. ಒಂದು ಕಾಲು ಮೇಲೆ ಹಾಕಿದಳು, ಭಾನುವಾರದ ನೆನಪಾಯಿತೋ ಏನೋ, ತಾನಾಗಿ ಹಿಂದಕ್ಕೆಳೆದುಕೊಂಡಳು. ಎತ್ತಿಕೊಳ್ಳಲು ನಾನು ಕೈ ಚಾಚಿಯೇಬಿಟ್ಟಿದ್ದೆ. ಅಷ್ಟರಲ್ಲಿ ಅವಳು ನನಗೆ ಬೆನ್ನು ತಿರುಗಿಸಿದಳು. ಕೋಪ ಬಂತೇನೋ ಅಂದುಕೊಂಡೆ. ಕೋಪವಲ್ಲ. ಹಿಂದೆ ಸರಿದು ಹೊಸ್ತಿಲಿಗೆ ಬೆನ್ನು ತಾಗಿಸಿದಳು, ಎರಡೂ ಕೈಗಳನ್ನು ಹಿಂದೆ ಒಯ್ದು ಅದರ ಮೇಲೆ ಊರಿದಳು, ಎರಡೂ ಪಾದಗಳನ್ನು ನೆಲಕ್ಕೆ ಒತ್ತಿದಳು. ನಾವೆಲ್ಲ ಇಷ್ಟು ದಿನ ಚಿಂತೆ ಮಾಡಿದ ಆ ಕಾಲುಗಳು ಗಟ್ಟಿಯಾಗಿ ನೆಲವನ್ನು ತಳ್ಳಿದವು. ಕಿವಿಗಳು ಕೆಂಪಾದವು. ಒಮ್ಮೆ ಜಾರಿದಳು, ಮತ್ತೆ ಒತ್ತಿದಳು. ಹಿಂಭಾಗ ಮೇಲೆದ್ದಿತು. ನನ್ನ ಮೊಮ್ಮಗಳು ಹೊಸ್ತಿಲ ಮೇಲೆ ಕೂತಳು.

'ಏಳು, ಹೊಸ್ತಿಲ ಮ್ಯಾಲ ಕೂಡಬಾರದು' ಎಂಬ ಮಾತು ನನ್ನ ಗಂಟಲ ತನಕ ಬಂದಿತ್ತು. ಅರವತ್ತು ವರ್ಷದ ಅಭ್ಯಾಸ, ಅದಕ್ಕೆ ನನ್ನ ಅಪ್ಪಣೆ ಬೇಕಿಲ್ಲ. ಅಷ್ಟರಲ್ಲಿ ಹಾಲ್‌ನ ಆ ಕಡೆ ವಿಜು ಕಂಡಳು. ಕಿವಿಗೆ ಹೆಡ್‌ಫೋನು ಹಾಕಿಕೊಂಡೇ ನೀರಿಗೆಂದು ಬಂದವಳು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಿದ್ದಳು. ನನಗೆ ಕೈಸನ್ನೆ ಮಾಡಿದಳು, ಸುಮ್ಮನಿರು ಅಂತ. ಇದ್ದೆ. ನನ್ನ ಜೀವನದಲ್ಲಿ ನಾನು ನುಂಗಿಕೊಂಡ ಮಾತುಗಳು ಬಹಳ ಕಡಿಮೆ, ಅದರಲ್ಲಿ ಅದೊಂದು.

ಕಾವೇರಿ ಕೂತು ಸ್ವಲ್ಪ ಹೊತ್ತು ದಣಿವಾರಿಸಿಕೊಂಡಳು. ಮೇಲಿಂದ ಹಾಲ್ ಹೇಗೆ ಕಾಣುತ್ತದೆಂದು ನೋಡಿದಳು, ಅವ್ವನನ್ನು ನೋಡಿದಳು. ಆಮೇಲೆ ಒಂದು ಕಾಲೆತ್ತಿ ಈ ಕಡೆಗೆ ಹಾಕಿದಳು, ಇನ್ನೊಂದನ್ನು ಕೈಯಿಂದ ಹಿಡಿದೆಳೆದು ತಂದಳು. ಜಾರಿದಳು. ದೊಪ್ಪೆಂದು ಅಡುಗೆಮನೆಯ ನೆಲಕ್ಕೆ ಬಂದು, ನೇರ ಶೇಂಗಾದ ತಟ್ಟೆಯ ಕಡೆಗೆ ಹುಟ್ಟು ಹಾಕಿದಳು. ಗಂಟಲಿಗೆ ಸಿಕ್ಕೀತೆಂದು ನಾನು ತಟ್ಟೆಯನ್ನು ಕಟ್ಟೆಯ ಮೇಲೆ ಎತ್ತಿಟ್ಟು ಅವಳ ಕೈಗೆ ಸೌಟು ಕೊಟ್ಟೆ. ಅಷ್ಟೊಂದು ದೊಡ್ಡ ಪ್ರಯಾಣಕ್ಕೆ ಸಿಕ್ಕಿದ್ದು ಒಂದು ಸೌಟು. ಅವಳು ಅದಕ್ಕೇ ಕುಣಿದಳು.

ವಿಜು ಹೊಸ್ತಿಲು ದಾಟಿ ಒಳಗೆ ಬಂದು ನೆಲದ ಮೇಲೆ ನನ್ನ ಪಕ್ಕ ಕೂತಳು. ಹೆಡ್‌ಫೋನಿನಲ್ಲಿ ಯಾರೋ ಇನ್ನೂ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಅವಳು ಅದನ್ನು ತೆಗೆದು ಪಕ್ಕಕ್ಕಿಟ್ಟಳು. ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯಲಿಲ್ಲ.

"ಆಕಿಗಿ ಯಾರೂ ಕಲಿಸಿಲ್ಲವ್ವಾ. ತಾನ ವಿಚಾರ ಮಾಡ್ಯಾಳ," ಎಂದಳು.

ನಾನೂ ಅದನ್ನೇ ನೋಡಿದ್ದೆ. ಮುಂದೆ ದಾರಿ ಇಲ್ಲದಾಗ ಬೆನ್ನು ತಿರುಗಿಸಿ ದಾರಿ ಮಾಡಿಕೊಂಡಿತ್ತು ಆ ಕೂಸು. ನಮ್ಮ ವಂಶದಲ್ಲಿ ಎಷ್ಟೋ ಮಂದಿ ಹೊಸ್ತಿಲು ದಾಟಿದ್ದಾರೆ, ಹೀಗೆ ಯಾರೂ ದಾಟಿಲ್ಲ. ನನ್ನ ಎದೆ ಎಷ್ಟು ಉಬ್ಬಿತೆಂದರೆ ರವಿಕೆ ಬಿಗಿಯಾಯಿತು.

ಅಂದೇ ಬೇಳೆ ಬೇಯಿಸಿದೆ. ಯಜಮಾನರಿಗೆ ಫೋನು ಮಾಡಿದರೆ ಅವರು ಭಾನುವಾರದ ತನಕ ಕಾಯದೆ ಒಂದು ಪೆಂಟೆ ಬೆಲ್ಲ ಹೊತ್ತುಕೊಂಡು ಸಂಜೆಗೇ ಬಂದರು, ಉಳಿಯನ್ನು ಬೇಕೆಂದೇ ಮರೆತು. ರಘು ಆಫೀಸಿನಿಂದ ಬಂದವನು ನಾಲ್ಕು ಹೋಳಿಗೆ ತಿಂದ ಮೇಲೆ ಫೋನು ತೆಗೆದು ಏನೋ ಒತ್ತಿದ. ಆವತ್ತಿನಿಂದ ಟಿಣ್ ಕೇಳಿಲ್ಲ.

ಕಾವೇರಿಯನ್ನು ಎತ್ತಿಕೊಂಡು ಶಿಂದೆ ಆಜಿಯ ಮನೆಗೆ ನಾನೇ ಹೋಳಿಗೆ ಒಯ್ದೆ. ನಡೆಯಲು ಶುರುಮಾಡಿದಳೇ ಎಂದು ಕೇಳಿದರು. ಇಲ್ಲ, "ಉಂಬರಾ ಓಲಾಂಡಲಾ" ಎಂದೆ, ಹೊಸ್ತಿಲು ದಾಟಿದಳು ಅಂತ. ಅವರು ಹೋಳಿಗೆಯ ಡಬ್ಬಿ ಕೆಳಗಿಟ್ಟು, ಎರಡೂ ಕೈಯ ಬೆರಳುಗಳನ್ನು ತಮ್ಮ ಹಣೆಯ ಪಕ್ಕಕ್ಕೆ ಒತ್ತಿ ಲಟಲಟ ಎಂದು ಮುರಿದು ಕಾವೇರಿಯ ದೃಷ್ಟಿ ತೆಗೆದರು. ನನ್ನ ಕಿವಿಯ ಇರುವೆ ಅಲ್ಲಿಗೇ ಇಳಿದುಹೋಯಿತು. ಆಮೇಲೆ ನಾನು ಹೊಸ್ತಿಲಿನ ಕಥೆಯನ್ನು ಮೊದಲಿಂದ ಹೇಳಿದೆ, ಅವರು ಕೂತು ಕೇಳಿದರು.

ಡಾಕ್ಟರರು ಹೇಳಿದ ಗಡುವಿನೊಳಗೇ ಅವಳು ನಡೆದಳು. ಯಾರೂ ಕರೆಯದಿದ್ದಾಗ, ಯಾರೂ ಚಪ್ಪಾಳೆ ತಟ್ಟದಿದ್ದಾಗ, ಸೋಫಾ ಬಿಟ್ಟು ಯಂತ್ರದ ಹಿಂದೆ ಎದ್ದು ಹೊರಟಳು. ಅಂಬೆಗಾಲಿನ ಕರಿಗಡಬು ಮಾತ್ರ ಇಂದಿಗೂ ಆಗಿಲ್ಲ. ಇನ್ನು ಆಗುವುದೂ ಇಲ್ಲ.

ಈಗ ಅವಳಿಗೆ ಎರಡು ತುಂಬಿದೆ. ಅಪ್ಪನಿಗೆ 'ಇಲ್ಲಿದೆ', ನನಗೆ 'ಇಲ್ಲಿ ಅದ', ಸುನೀತಾಬಾಯಿಗೆ 'ಇಥೇ ಆಹೆ' ಎಂದು ಮುಖ ನೋಡಿ ಮಾತು ಬದಲಿಸುತ್ತಾಳೆ. ಮೂರು ಭಾಷೆ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಟೇಪು ತಾನಾಗಿ ಒಣಗಿ ಒಂದು ದಿನ ಹೊಸ್ತಿಲು ಕೈಗೆ ಬಂತು, ವಿಜು ಅದರ ಧೂಳು ಒರೆಸಿ ಮಂಚದ ಕೆಳಗೆ ಇಟ್ಟಳು, ಎಸೆಯಲಿಲ್ಲ. ಕಾವೇರಿ ಅದನ್ನು ಎಳೆದುಕೊಂಡು ಬಂದು ಬಸ್ಸು ಮಾಡುತ್ತಾಳೆ, ಗೊಂಬೆಯ ಹಾಸಿಗೆ ಮಾಡುತ್ತಾಳೆ.

ನಿನ್ನೆಯೂ ತಂದು ಹಾಲ್‌ನ ನಡುವೆ ಹಾಕಿದಳು. ಮೇಲೆ ಕೂತು, ಪಕ್ಕದಲ್ಲಿ ತಟ್ಟಿ, "ಅಜ್ಜಿ, ಬಾ, ಕೂಡು," ಎಂದಳು.

ನನಗೆ ನಮ್ಮವ್ವ ನೆನಪಾದಳು, ಊಟ ಬಿಟ್ಟುಹೋದ ಆ ಮುದುಕರೂ ನೆನಪಾದರು. ಅಡುಗೆಮನೆಯಿಂದ ವಿಜು ನೋಡುತ್ತಿದ್ದಾಳೆಂದು ಗೊತ್ತಿತ್ತು. ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಬಗ್ಗಿದೆ. ಕೂಡಲಾಗಲಿಲ್ಲ, ತೀರ ತಗ್ಗು. ಕೊನೆಗೆ ಅದಕ್ಕೆ ಬೆನ್ನು ಮಾಡಿ, ಎರಡೂ ಕೈ ಹಿಂದೆ ಊರಿ, ಕಾಲು ನೆಲಕ್ಕೊತ್ತಿ ಕೂತೆ, ಅವಳು ಕೂತ ಹಾಗೆಯೇ. ನನ್ನದು ಸ್ವಲ್ಪ ಅಗಲವಾದ ಮೈ, ಅವಳಿಗೆ ಜಾಗ ಕಡಿಮೆಯಾಯಿತು.

"ಅಜ್ಜಿ, ಸರಕ," ಎಂದಳು.

ಅರವತ್ತು ವರ್ಷ ಎಲ್ಲರನ್ನೂ ಹೊಸ್ತಿಲಿನಿಂದ ಎಬ್ಬಿಸಿದವಳು, ಅದರ ಮೇಲೆಯೇ ಸರಿದು ಕೂತು ಅವಳಿಗೆ ಜಾಗ ಮಾಡಿಕೊಟ್ಟೆ.